ಗರಿಫಾಲಿಯಾ ಜಗಳಕ್ಕೆ ಬರದ ದಿನ

ಗರಿಫಾಲಿಯಾ ನನ್ನ ಕೆಳಗಿನ ಮನೆಯವಳು. ಸಿಡ್ನಿಯ ಈ ಹಳೇ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷ ನಾವಿಬ್ಬರೂ ಹಾವು ಮುಂಗುಸಿಯಂತೆ ಇದ್ದೆವು. ಕಾರಣ ನನ್ನ ಬಾಲ್ಕನಿ. ಗ್ರೀಸಿನಲ್ಲಿ ನಮ್ಮಮ್ಮ ಮಾಡುತ್ತಿದ್ದ ಹಾಗೆ ದಿನಾ ಬೆಳಿಗ್ಗೆ ಎರಡು ಬಕೆಟ್ ನೀರು ಸುರಿದು ಉಜ್ಜದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ.

"ಜಂಬೆತಾ, ನನ್ನ ಬಟ್ಟೆ ಮೇಲೆ ಕೆಂಪು ನೀರು ತೊಟ್ಟಿಕ್ತಿದೆ ಕಣೆ. ಅದು ಎಲ್ಲಿಂದ ಬರುತ್ತೆ ಅಂತ ಯೋಚ್ನೆ ಮಾಡಿದ್ದೀಯಾ?" ಒಮ್ಮೆ ಅವಳು ಕೆಳಗಿಂದ ನನ್ನನ್ನು ಕೇಳಿದ್ದಳು.

"ನಿನ್ನ ಹೊಟ್ಟೆಕಿಚ್ಚಿಂದ," ಅಂದಿದ್ದೆ.

ಅವಳ ಗಂಡ ಬದುಕಿದ್ದಷ್ಟು ದಿನ ಕಾಂಕ್ರೀಟು ಹಾಕುವ ಕೆಲಸ ಮಾಡಿದವನು. ಬುತ್ತಿ ಕೊಡಲು ಹೋಗಿ ಹೋಗಿ ಇವಳಿಗೂ ಕಟ್ಟಡಗಳ ಮರ್ಮ ಗೊತ್ತಿತ್ತು. ಅದನ್ನು ನಾನು ಜಂಬ ಎಂದುಕೊಂಡಿದ್ದೆ, ಪಾಪಿ.

ಈಸ್ಟರ್ ಮಧ್ಯಾಹ್ನ. ಮಕ್ಕಳು, ಅಳಿಯ, ಮೊಮ್ಮಕ್ಕಳು, ನಾನು, ಒಟ್ಟು ಹನ್ನೊಂದು ಜನ ಬಾಲ್ಕನಿಯಲ್ಲಿ ಊಟಕ್ಕೆ ಕೂತಿದ್ದೆವು. ಮಗಳ ಕೂಸನ್ನು ಕಟಕಟೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಗರಿಫಾಲಿಯಾ ತೆರೆದ ಮನೆಯೊಳಗೆ ನಡೆದು ಬಂದು ಬಾಲ್ಕನಿಯ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಅಂಗೈಯಗಲದ ಕಾಂಕ್ರೀಟು ಚೂರು, ಅದಕ್ಕೆ ಅಂಟಿದ ತುಕ್ಕಿನ ಪುಡಿ.

"ಈಗ ಇದು ನಿಮ್ಮ ಬಾಲ್ಕನಿ ಅಡಿಯಿಂದ ಬಿತ್ತು. ನೀರಿಗೆ ಒಳಗಿನ ಕಂಬಿ ತುಕ್ಕು ಹಿಡಿದು ಸವೆದುಹೋಗಿದೆ. ಒಬ್ಬೊಬ್ಬರೇ ಒಳಗೆ ಬನ್ನಿ. ಮೊದ್ಲು ಮಗು."

"ಊಟ ಆಗ್ಲಿ ಅಜ್ಜಿ, ಆಮೇಲೆ ಜಗಳ ಆಡೋರಂತೆ," ಅಳಿಯ ನಕ್ಕ.

ಅವಳು ದನಿ ಎತ್ತಲಿಲ್ಲ. ಅದಕ್ಕೇ ನನಗೆ ದಿಗಿಲಾಯಿತು. ಅವಳು ಮೆತ್ತಗೆ ಮಾತಾಡಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

"ಹೇಳಿದಷ್ಟು ಮಾಡ್ರೋ," ಎಂದೆ. ಕೂಸು ಕೈಯಿಂದ ಕೈಗೆ ದಾಟಿ ಒಳಗೆ ಬಂತು. ಹಿಂದೆಯೇ ಉಳಿದವರು. ಕುರಿಯ ತೊಡೆ ತರುತ್ತೇನೆಂದು ಹೊರಳಿದ ಅಳಿಯನ ಅಂಗಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಎಳೆದಳು.

ಆಗ ಲಟಕ್ ಎಂದಿತು. ಮೇಜು, ತಟ್ಟೆ, ಮಾಂಸ ಎಲ್ಲದರ ಸಮೇತ ಬಾಲ್ಕನಿ ಮುರಿದು, ಕೆಳಗಿನ ಅವಳ ಬಾಲ್ಕನಿಯನ್ನೂ ಎಳೆದುಕೊಂಡು ಅಂಗಳಕ್ಕೆ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

ನಾನು ನಮ್ಮವರನ್ನು ಎಣಿಸಿದೆ. ಹನ್ನೆರಡು. ತಪ್ಪಿತೇನೋ ಎಂದು ಮತ್ತೆ ಎಣಿಸಿದೆ. ಹನ್ನೆರಡೇ. ಅವಳನ್ನೂ ಸೇರಿಸಿ ಎಣಿಸುತ್ತಿದ್ದೆ.

ಅವಳ ಕೈ ಹಿಡಿದು ಅತ್ತೇಬಿಟ್ಟೆ. ಆ ಋಣ ಯಾವ ಜನ್ಮಕ್ಕೂ ತೀರುವಂಥದ್ದಲ್ಲ.

"ಅಳೋದಾದ್ರೆ ಒಳಗೆ ಕೂತು ಅಳು," ಅಂದಳು ಗರಿಫಾಲಿಯಾ. "ಬಾಗಿಲ ಹತ್ರ ನಿಲ್ಬೇಡ."