‘ಲೋಕಲ್ ಬ್ಯಾಡ್ರಿ’

ನಮ್ಮ ಭಾಗದಲ್ಲಿ ‘ಲೋಕಲ್’ ಎಂದರೆ ಕಳಪೆ. ಸಿಂದಗಿಯ ಬಜಾರದಲ್ಲಿ ಮೋಟಾರಿಗೆ ವಾಷರ್ ಕೊಳ್ಳುವವನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮೊದಲು ಕೇಳುವುದು, ‘ಕಂಪನಿದೋ, ಲೋಕಲ್ಲೋ?’ ಎಂದು. ಲೋಕಲ್ ಆದರೆ ವಾರದಲ್ಲಿ ಸೋರುತ್ತದೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಆ ಶಬ್ದಕ್ಕೆ ಇನ್ನೊಂದು ಅರ್ಥವಿದೆ ಎಂದು ತಿಳಿಸಿ ಹೇಳಲು ನಾನು ಬಾಯಿ ತೆರೆದದ್ದು ಒಂದೇ ಸಲ, ಮುದ್ದೇಬಿಹಾಳದ ಒಂದು ಖಾಸಗಿ ದವಾಖಾನೆಯಲ್ಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ವಿಜಾಪುರದ ಒಂದು ದಿನಪತ್ರಿಕೆಗೆ ಸಿಂದಗಿಯಿಂದ ಸುದ್ದಿ ಕಳಿಸುತ್ತಿದ್ದೆ. ಅಕ್ಕನನ್ನು ನಾಲತವಾಡಕ್ಕೆ ಕೊಟ್ಟಿದ್ದೆವು. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಅವರದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ಹೆಸರಿತ್ತು. ಯಾರಾದರೂ ಅಗ್ಗದ ಔಷಧ ಕೇಳಿದರೆ, ‘ಲೋಕಲ್ ಬೇಕಂದ್ರ ಮುಂದಿನ ಅಂಗಡಿ ನೋಡ್ರಿ’ ಎಂದು ಕೈ ತೋರಿಸುವ ಮನುಷ್ಯ.

ಅಕ್ಕನ ಬಲಬಗಲಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತ್ತು. ಭಯಪಡುವಂಥದ್ದಲ್ಲ, ತೆಗೆದು ಪರೀಕ್ಷೆಗೆ ಕಳಿಸೋಣ ಎಂದಿದ್ದರು ಡಾಕ್ಟರು. ಅವಳಿಗೆ ಗಂಟಿನ ಭಯವಿರಲಿಲ್ಲ. ಮೊದಲ ಹೆರಿಗೆಯಲ್ಲಿ ಮರಗಟ್ಟಿಸುವ ಸೂಜಿ ಕೊಡದೆ ಅವಳಿಗೆ ಹೊಲಿಗೆ ಹಾಕಿದ್ದರು. ನೋವನ್ನು ಆಮೇಲೆ ಮರೆತಳು. ಕತ್ತರಿಯ ಸಪ್ಪಳ ಮರೆಯಲಿಲ್ಲ. ಮನೆಯಲ್ಲಿ ಯಾರಾದರೂ ಬಟ್ಟೆ ಕತ್ತರಿಸಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಆ ದಿನ ನಾನು ತಾಳಿಕೋಟೆ ಬಸ್ಸು ತಪ್ಪಿಸಿಕೊಂಡು, ಬಸವನ ಬಾಗೇವಾಡಿ ಸುತ್ತಿ ಮುದ್ದೇಬಿಹಾಳ ತಲುಪುವಷ್ಟರಲ್ಲಿ ಹತ್ತು ಗಂಟೆ. ದವಾಖಾನೆಯ ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು. ಮಾಮಾ ಚೀಟಿ ಮಾಡಿಸಲು ಒಳಗೆ ಹೋಗಿದ್ದರು. ಅವಳು ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

‘ತಮ್ಮಾ, ನನಗ ಭೂಲ ಕೊಡಸು. ಪೂರಾ ಎಚ್ಚರ ತಪ್ಪಬೇಕು. ಏನೂ ಕೇಳಬಾರದು ನನಗ. ನಿಮ್ಮ ಮಾಮಾಗ ಹೇಳಾಕ ನನ್ನಿಂದ ಆಗೂದಿಲ್ಲ, ಹೆದರಪುಕ್ಕಿ ಅಂತಾರ. ನೀ ಹೇಳು. ನಿನ್ನೆ ಸಂಜಿಯಿಂದ ನಾ ಏನೂ ತಿಂದಿಲ್ಲ. ಹೊಟ್ಟಿ ಖಾಲಿ ಇರಬೇಕಂತಲ್ಲ ಅದಕ್ಕ?’

‘ನೀರರೆ ಕುಡದೀ?’

‘ಇಲ್ಲ. ಹುಷಾರಿರಲಿ ಅಂತ ಅದನ್ನೂ ಬಿಟ್ಟೆ.’

ಹೇಳುತ್ತೇನೆ ಎಂದೆ.

ಡಾಕ್ಟರು ಒಳ್ಳೆಯವರು, ಅವಸರದವರು. ಅವರ ಕೋಣೆಯ ಬಾಗಿಲಿಗೆ ಅರ್ಧ ಪರದೆ. ಅದರಾಚೆ ಬೆಂಚಿನ ಮೇಲೆ ಏಳೆಂಟು ರೋಗಿಗಳು. ಡಾಕ್ಟರು ಗಂಟನ್ನು ಒತ್ತಿ ನೋಡಿ ಮಾಮಾನಿಗೆ ಹೇಳಿದರು: ‘ಎರಡು ದಾರಿ ಅದಾವ್ರಿ. ಲೋಕಲ್ ಕೊಟ್ಟೂ ತಗೀಬಹುದು, ಜನರಲ್ ಕೊಟ್ಟೂ ತಗೀಬಹುದು. ಎರಡೂ ನಡೀತೈತಿ. ಜನರಲ್ ಕೊಡೂ ಡಾಕ್ಟರು ಇವತ್ತ ವಿಜಾಪುರದಿಂದ ಹೆಂಗೂ ಬಂದಾರ, ಬ್ಯಾರೆ ಎರಡು ಕೇಸ್ ಅದಾವ. ಏನ ಮಾಡೂಣು?’

ಮಾಮಾ ಒಂದು ಕ್ಷಣವೂ ಯೋಚಿಸಲಿಲ್ಲ. ಕುರ್ಚಿಯಲ್ಲಿ ನೆಟ್ಟಗಾಗಿ, ಅಂಗಡಿಯ ಗಲ್ಲೆಯ ಮೇಲಿನ ದನಿಯಲ್ಲಿ ಹೇಳಿದರು:

‘ಲೋಕಲ್ ಬ್ಯಾಡ್ರಿ ಡಾಕ್ಟರ್ ಸಾಹೇಬ್ರ. ನಮ್ಮನಿಯಾಗ ಲೋಕಲ್ ಮಾಲ ನಡ್ಯಾಂಗಿಲ್ಲ. ಇನ್ನೊಂದ ಕೊಡ್ರಿ.’

ಅಕ್ಕ ಸೆರಗು ಹೊದ್ದುಕೊಂಡು ತಲೆ ಬಗ್ಗಿಸಿ ಕೂತಿದ್ದಳು. ಅವಳ ಭುಜ ಸಡಿಲಾದದ್ದು ನನಗೆ ಕಂಡಿತು. ಡಾಕ್ಟರು ಚೀಟಿಯ ಮೇಲೆ ಬರೆಯಲು ಪೆನ್ನು ಎತ್ತಿದ್ದರು. ಕೆಲಸ ಅಲ್ಲಿಗೆ ಮುಗಿದಿತ್ತು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಸಿಕ್ಕ ಕಾರಣ ತಪ್ಪಾಗಿತ್ತು, ಅಷ್ಟೆ.

ನಾನು ಆ ತಪ್ಪನ್ನು ತಿದ್ದಿದೆ.

‘ಮಾಮಾ, ಇದು ಆ ಲೋಕಲ್ ಅಲ್ರಿ,’ ಎಂದೆ. ‘ಲೋಕಲ್ ಅಂದ್ರ ಆ ಜಾಗಾ ಅಷ್ಟ ಮರಗಟ್ಟಿಸೂದು. ಜನರಲ್ ಅಂದ್ರ ಪೂರ್ತಿ ಭೂಲ. ಮಾಲಿನ ಮಾತಲ್ಲ.’

ಮೊದಲು ನಕ್ಕದ್ದು ಕಂಪೌಂಡರ್. ಆಮೇಲೆ ಡಾಕ್ಟರು. ಪರದೆಯಾಚೆಯಿಂದ ಯಾರೋ, ‘ಅಂಗಡಿ ಸಾವ್ಕಾರ್ರು ಸೂಜಿಗೂ ಐಎಸ್‌ಐ ಗುರ್ತು ಕೇಳ್ಯಾರು!’ ಎಂದರು. ಬೆಂಚಿಗೆ ಬೆಂಚೇ ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಮಾಮಾ ನಗಲಿಲ್ಲ. ಆ ಬೆಂಚಿನ ಮೇಲೆ ಅವರ ಗಿರಾಕಿಗಳೂ ಇದ್ದರು. ಕಿವಿಯವರೆಗೆ ಕೆಂಪಾದ ಅವರು ನನ್ನತ್ತ ತಿರುಗಿದರು.

‘ಗೊತ್ತೈತಿ ಬಿಡೋ, ಪೇಪರ್ ಸಾಹೇಬ. ನೀ ಒಬ್ಬನ ಸಾಲಿ ಕಲ್ತಾಂವ. ನಾ ಚ್ಯಾಷ್ಟಿ ಮಾಡಿದೆ.’ ಆಮೇಲೆ ಡಾಕ್ಟರಿಗೆ, ‘ಲೋಕಲ್ಲs ಕೊಡ್ರಿ. ಇಷ್ಟs ಇಷ್ಟ ಗಂಟಿಗೆ ಎಚ್ಚರ ಯಾಕ ತಪ್ಪಸ್ತೀರಿ? ನಮ್ಮನಿ ಹೆಣ್ಮಕ್ಕಳು ಗಟ್ಟಿ ಅದಾರ.’

ಡಾಕ್ಟರು ಅಕ್ಕನನ್ನು ಕೇಳಿದರು, ‘ಅವ್ವಾರ, ನಿಮಗ ಹೆದರಿಕಿ ಗಿದರಿಕಿ ಐತೇನು?’

ಅವಳು ನನ್ನ ಮುಖ ನೋಡಿದಳು. ನಾನು ಹೇಳಬೇಕಾದ ಹೊತ್ತು ಅದೇ. ಆದರೆ ಈಗಷ್ಟೇ ಒಬ್ಬರನ್ನು ಏಳೆಂಟು ಜನರೆದುರು ತಗ್ಗಿಸಿದ್ದೆ. ಮತ್ತೆ ಅವರ ಮಾತಿಗೆ ಅಡ್ಡ ಬರಲು ಮನಸ್ಸಾಗಲಿಲ್ಲ. ಎರಡು ಗುಂಪುಗಳ ಜಗಳ ವರದಿ ಮಾಡುವಾಗ ಬರೆಯುವಂಥ ವಾಕ್ಯವೊಂದು ಬಾಯಿಗೆ ಬಂತು: ‘ಎರಡೂ ನಡೀತೈತಿ ಅಂತ ಡಾಕ್ಟರs ಹೇಳ್ಯಾರಲ್ಲ ಅಕ್ಕಾ.’

‘ಹೂಂ,’ ಎಂದಳು.

ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ಒಂದು ಸಾಲಿನಲ್ಲಿ ಎರಡೂ ಶಬ್ದಗಳನ್ನು ಅಚ್ಚು ಹಾಕಿ, ಬೇಡವಾದದ್ದನ್ನು ಹೊಡೆದುಹಾಕಿ ಎಂದು ಸೂಚಿಸಿದ್ದರು. ಮಾಮಾ ಅದನ್ನು ನನ್ನ ಕಡೆ ತಳ್ಳಿದರು. ‘ನೀನs ಶಾಣ್ಯಾ ಅದಿ, ನೀನs ಹೊಡಿ. ನಾ ಬರೇ ಸಹಿ ಮಾಡ್ತೇನಿ.’ ನಾನು ‘ಜನರಲ್’ ಎಂಬುದರ ಮೇಲೆ ಗೆರೆ ಎಳೆದೆ. ಪ್ರತಿದಿನ ಶಬ್ದ ಹೊಡೆದು ಅಭ್ಯಾಸವಾದ ಕೈ. ಗೆರೆ ನೇರವಾಗಿ ಬಂತು.

‘ಲೋಕಲ್ಲಿಗೆ ಉಪವಾಸ ಬೇಕಾಗಿಲ್ಲ, ಚಾ ಕುಡೀಬಹುದು,’ ಎಂದ ಕಂಪೌಂಡರ್. ಮಾಮಾ ಎದುರಿನ ಹೋಟೆಲಿನಿಂದ ಚಹಾ ತರಿಸಿದರು. ಅಕ್ಕ ಕುಡಿಯಲಿಲ್ಲ.

ಅರ್ಧ ಗಂಟೆ ಎಂದಿದ್ದರು. ಒಂದೂ ಕಾಲು ಗಂಟೆಯಾಯಿತು. ಗಂಟು ಮೇಲಿನಿಂದ ಕಂಡದ್ದಕ್ಕಿಂತ ಆಳಕ್ಕೆ ಇಳಿದಿತ್ತಂತೆ. ಎರಡು ಸಲ ಮತ್ತೆ ಸೂಜಿ ಹಾಕಬೇಕಾಯಿತಂತೆ. ಬಾಗಿಲಾಚೆ ಕೂತ ನಮಗೆ ಡಾಕ್ಟರ ಮಾತು ಕೇಳುತ್ತಿತ್ತು, ತಟ್ಟೆಯಲ್ಲಿ ಉಕ್ಕಿನ ಸಾಮಾನು ಇಡುವ ಸಪ್ಪಳ ಕೇಳುತ್ತಿತ್ತು. ಅಕ್ಕನ ದನಿ ಒಮ್ಮೆಯೂ ಕೇಳಲಿಲ್ಲ. ಹೊರಗೆ ಇಷ್ಟು ಕೇಳಿದರೆ ಅವಳ ಕಿವಿಯ ಪಕ್ಕದಲ್ಲಿ ಎಷ್ಟು ಕೇಳುತ್ತಿರಬಹುದು ಎಂದು ನಾನು ಲೆಕ್ಕ ಹಾಕಲಿಲ್ಲ. ಎದ್ದು ರಸ್ತೆಗೆ ಹೋಗಿ ನಿಂತೆ.

ಅವಳು ತನ್ನ ಕಾಲ ಮೇಲೆ ತಾನೇ ನಡೆದು ಬಂದಳು. ತುಟಿ ಒಂದು ಕಡೆ ಕಚ್ಚಿ ರಕ್ತ ಹೆಪ್ಪುಗಟ್ಟಿತ್ತು. ಮಾಮಾ ಬೆಂಚಿನವರಿಗೆಲ್ಲ ಕೇಳುವಂತೆ, ‘ನೋಡ್ರಿ, ಹೆಂಗ ನಡಕೊಂತ ಬಂದ್ಲು! ತುಟಿ ಪಿಟಕ್ಕಂದಿಲ್ಲ!’ ಎಂದರು. ಅವರ ಮಾನ ಅವರಿಗೆ ಮರಳಿ ಸಿಕ್ಕಿತ್ತು. ಪರೀಕ್ಷೆಗೆ ಹೋದ ಗಂಟಿನಲ್ಲಿ ಏನೂ ದೋಷವಿಲ್ಲವೆಂದು ವಾರದಲ್ಲಿ ವರದಿ ಬಂತು. ಎಲ್ಲರ ಲೆಕ್ಕದಲ್ಲಿ ಅದು ಯಶಸ್ವಿ ಚಿಕಿತ್ಸೆ.

ಮಾಮಾನನ್ನು ದೂರುವುದು ನನಗೆ ಸುಲಭ. ಹಲವು ವರ್ಷ ದೂರಿದ್ದೇನೆ. ಆದರೆ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದರೆ, ಅವರ ಮೊದಲ ಮಾತು ಅಕ್ಕನ ಪರವಾಗಿಯೇ ಇತ್ತು. ತಿಳಿಯದ ಮನುಷ್ಯ ಸರಿಯಾದದ್ದನ್ನು ಕೇಳಿದ್ದ. ತಿಳಿದವನು ಅದನ್ನು ಕೆಡಿಸಿದ.

ಅಕ್ಕ ನನ್ನೊಡನೆ ಮಾತು ಬಿಡಲಿಲ್ಲ. ಪಂಚಮಿಗೆ ಬಂದಳು, ಉಂಡಿ ಕಟ್ಟಿದಳು, ಊರ ಸುದ್ದಿ ಹೇಳಿದಳು. ನಾಲ್ಕೈದು ವರ್ಷದ ಮೇಲೆ, ಒಂದು ಮದುವೆಗೆಂದು ಮಸೂತಿ ಎಂಬ ಊರಿಗೆ ಹೋದಾಗ, ಮಾಮಾನ ಕಡೆಯ ಹೆಂಗಸೊಬ್ಬರು ನನ್ನನ್ನು ಕೇಳಿದರು, ‘ನಿಮ್ಮಕ್ಕ ಈಗ ಹೆಂಗದಾಳ್ರಿ? ಪಿತ್ತದ ಹರಳಿನ ಆಪರೇಶನ್ ಆಗಿ ತಿಂಗಳಾತಲ್ಲ?’ ನನಗೆ ಗೊತ್ತೇ ಇರಲಿಲ್ಲ. ಮರುದಿನವೇ ನಾಲತವಾಡಕ್ಕೆ ಹೋದೆ. ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮುಖದಲ್ಲಿ ಗೆಲುವಿತ್ತು.

‘ವಿಜಾಪುರದಾಗ ಮಾಡಿದ್ರು,’ ಎಂದಳು. ‘ಪೂರಾ ಭೂಲ ಕೊಟ್ಟಿದ್ರು. ಯಾವಾಗ ಸುರು ಆತು, ಯಾವಾಗ ಮುಗೀತು, ಒಂದೂ ಗೊತ್ತಾಗಲಿಲ್ಲ ನೋಡು.’

‘ನನಗ್ಯಾಕ ಹೇಳಲಿಲ್ಲ ಅಕ್ಕಾ? ಒಂದು ಫೋನ್ ಮಾಡಿದ್ರ ಆಗ್ತಿದ್ದಿಲ್ಲೇನು?’

ಅವಳು ಶೇಂಗಾದ ಬುಟ್ಟಿಯಿಂದ ಕಣ್ಣೆತ್ತದೆ, ಸಿಟ್ಟೂ ಇಲ್ಲದೆ, ಉತ್ತರಿಸಿದಳು:

‘ಹೇಳಿದ್ರ ನೀ ಬರ್ತಿದ್ದಿ.’