ಗೋಪುರದ ಹೊರಗೆ ಕೂತವರು

ಭಕ್ತಬಂಧುಗಳೇ,

ನಮ್ಮ ಅತ್ತೆಯವರಿಗೆ ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಇಂಥ ವಿಷಯವನ್ನು ಭಕ್ತರ ಮುಂದೆ ಬರೆಯಬಹುದೇ ಎಂದು ಬಹಳ ದಿನ ಯೋಚಿಸಿದೆ. ಆದರೆ ಆಡಬಾರದ ಮಾತೆಂದು ಅದನ್ನು ಮುಚ್ಚಿಸಿದವಳು ನಾನೇ. ಬರೆಯದೆ ನನಗೆ ಬಿಡುಗಡೆಯಿಲ್ಲ.

ನಾವಿರುವುದು ಅರಸೀಕೆರೆಯಲ್ಲಿ. ಯಜಮಾನರು ರೈಲ್ವೆಯಲ್ಲಿ ಗುಮಾಸ್ತರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೇನೆ. ಮಕ್ಕಳಿಗೆ ಆರೋಗ್ಯದ ಪಾಠ ಹೇಳುವವಳೂ ನಾನೇ. ಅತ್ತೆಯವರಿಗೆ ಆಗ ಐವತ್ತಾರು. ಮಾವನವರು ಹೋದ ಮೇಲೆ ಮಡಿ, ಅಡಿಗೆ, ದೇವರ ಮನೆಯ ದೀಪ ಇವೇ ಅವರ ಬದುಕಾಗಿದ್ದವು. ಅವರು ಒಲೆ ನೋಡಿಕೊಂಡಿದ್ದರಿಂದಲೇ ನಾನು ಹೊತ್ತಿಗೆ ಸರಿಯಾಗಿ ಶಾಲೆ ಸೇರುತ್ತಿದ್ದೆ.

ಯುದ್ಧದ ಎರಡನೆಯ ವರ್ಷ, ಶ್ರಾವಣದ ಒಂದು ಬೆಳಿಗ್ಗೆ ಅವರು ಹಿತ್ತಲ ಬಾಗಿಲ ಪಕ್ಕದ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ಅದು ತಿಂಗಳಿಗೆ ಮೂರು ದಿನ ನಾನು ದೂರ ಕೂರುವ ಜಾಗ. ತಲೆ ತಗ್ಗಿಸಿ, ತಾನು ದೂರ ಆಗಿದ್ದೇನೆ ಎಂದರು. ನಾಲ್ಕನೆಯ ದಿನ ನೀರು ಹಾಕಿಕೊಂಡು ಒಳಗೆ ಬರುವುದು ಪದ್ಧತಿ. ಅವರಿಗೆ ಒಂಬತ್ತನೆಯ ದಿನವೂ ನಿಲ್ಲಲಿಲ್ಲ. ಮುಂದಿನ ತಿಂಗಳು ಮತ್ತೆ ಹಾಗೆಯೇ. ಒಲೆಗೂ ಶಾಲೆಗೂ ಓಡಾಡಿ, ತಡವಾಗಿ ಹೋಗಿ, ಹೆಡ್‌ಮಿಸ್ಟ್ರೆಸ್ ಅವರಿಂದ ಎರಡು ಸಲ ಮಾತು ಕೇಳಿದೆ. ಅಷ್ಟರಲ್ಲಿ ಪಕ್ಕದ ಮನೆಯ ನಂಜಮ್ಮನವರು ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿದರು.

“ಏನ್ರೀ ಟೀಚರಮ್ಮ, ನಿಮ್ಮತ್ತೆ ಮತ್ತೆ ಮೈನೆರೆದರಂತೆ? ಆರತಿಗೆ ನಮ್ಮನ್ನ ಕರೀಲೇ ಇಲ್ವಲ್ಲ.”

ನಾನೂ ನಕ್ಕೆ. ನಕ್ಕು ಒಳಗೆ ಬಂದು, ಆ ಕೋಣೆಯ ಹೊಸ್ತಿಲಲ್ಲಿ ನಿಂತು ಹೇಳಿದೆ: “ಅತ್ತೆ, ಈ ವಯಸ್ಸಲ್ಲಿ ಹೀಗೆಲ್ಲ ಆಗೋದು ಸಹಜ, ನಾನು ಓದಿದೀನಿ. ಹೀಗೆ ಕೂತು ಊರಿಗೆಲ್ಲ ಸಾರಬೇಡಿ. ಸ್ನಾನ ಮಾಡಿ ಒಳಗೆ ಬನ್ನಿ.”

ನಾನು ಅದನ್ನು ಎಲ್ಲಿಯೂ ಓದಿರಲಿಲ್ಲ.

ಅವರು ಎದುರಾಡದೆ ಸ್ನಾನ ಮಾಡಿ ಒಳಗೆ ಬಂದರು. ಆಮೇಲೆ ಒಂದು ದಿನವೂ ದೂರ ಕೂರಲಿಲ್ಲ. ನನಗೆ ಮತ್ತೆ ಹೊತ್ತಿಗೆ ಸರಿಯಾಗಿ ಅನ್ನ ಸಿಕ್ಕಿತು, ಎಲ್ಲ ಸರಿಹೋಯಿತೆಂದುಕೊಂಡೆ. ಒಂದೇ ವ್ಯತ್ಯಾಸವೆಂದರೆ, ಅವರು ದೇವರ ಮನೆಗೆ ಕಾಲಿಡುವುದನ್ನು ಬಿಟ್ಟರು. ಮಂಡಿ ಮಡಚುವುದಕ್ಕೆ ಆಗುವುದಿಲ್ಲ, ನೋವು ಎಂದರು. ಸಂಜೆಯ ದೀಪವನ್ನು ಯಜಮಾನರೇ ಹಚ್ಚತೊಡಗಿದರು. ಒಲೆಯ ಮುಂದೆ ಮಡಚುವ ಮಂಡಿ ದೇವರ ಮುಂದೆ ಏಕೆ ಮಡಚದು ಎಂದು ನಾನು ಕೇಳಲಿಲ್ಲ. ಗದರಿದ್ದಕ್ಕೆ ಹಟ ಹಿಡಿದಿದ್ದಾರೆ ಎಂದುಕೊಂಡು ಸುಮ್ಮನಾದೆ. ಅವರ ತೋಳು ಬಡಕಲಾಗಿ, ಹೊಟ್ಟೆ ಮಾತ್ರ ಮುಂದೆ ಬಂದದ್ದೂ ಕಣ್ಣಿಗೆ ಬಿದ್ದಿತ್ತು. ವಯಸ್ಸು ಎಂದುಕೊಂಡೆ.

ಹೀಗೆ ಒಂದು ವರ್ಷ ಕಳೆದು ಕಾರ್ತಿಕ ಬಂತು. ಮಂಡಿನೋವಿಗೆ ಹರಕೆ ಹೊತ್ತು ಅವರನ್ನು ಮನೆದೇವರಾದ ಬೇಲೂರಿನ ಚೆನ್ನಕೇಶವನ ದರ್ಶನಕ್ಕೆ ಕರೆದುಕೊಂಡು ಹೊರಟೆ. ಪೆಟ್ರೋಲು ಸಿಗದ ಕಾಲ. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ದಿಣ್ಣೆ ಬಂದಲ್ಲೆಲ್ಲ ಏದುಸಿರು ಬಿಡುತ್ತಿತ್ತು. ಹಳೇಬೀಡಿನ ಕೆರೆಯ ಹತ್ತಿರ ನೀರಿಗೆಂದು ನಿಂತಾಗ ಅತ್ತೆ ಇಳಿದು ಹೋಗಿ, ಬಹಳ ಹೊತ್ತಿನ ಮೇಲೆ ಸೀರೆಯ ಹಿಂಭಾಗವನ್ನು ಒದ್ದೆ ಮಾಡಿಕೊಂಡು ಬಂದರು. ಕೆಸರಾಗಿತ್ತು ಎಂದರು. ದಡದಲ್ಲಿ ಕೆಸರಿರಲಿಲ್ಲ. ನಾನದನ್ನು ನೋಡಿದೆ. ನೋಡಿ ಬಸ್ಸು ಹತ್ತಿದೆ.

ಬೇಲೂರಿನ ಗೋಪುರದ ಬಾಗಿಲಲ್ಲಿ ಅತ್ತೆ ನಿಂತುಬಿಟ್ಟರು. “ನೀನು ಹೋಗಿ ಬಾ. ನಾನು ಇಲ್ಲಿಂದಲೇ ಕೈ ಮುಗೀತೀನಿ.” ಎಷ್ಟು ಹೇಳಿದರೂ ಹೊಸ್ತಿಲು ದಾಟಲಿಲ್ಲ. ಸಿಟ್ಟಿನಿಂದಲೇ ಒಳಗೆ ಹೋದೆ. ಕೇಶವನ ಎದುರು ನಿಂತು ನಾನು ಬೇಡಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಇವರ ಮಂಡಿ ಸರಿಮಾಡು, ನನ್ನ ಮನೆ ನಡೆಯಲಿ.’

ತುಳಸಿ ಹಿಡಿದು ಹೊರಗೆ ಬಂದಾಗ, ಕಲ್ಲಿನ ಮೇಲೆ ಅತ್ತೆಯ ಪಕ್ಕದಲ್ಲಿ ಬಿಳಿ ಸೀರೆಯ ಹೆಂಗಸೊಬ್ಬರು ಕೂತಿದ್ದರು. ಮಡಿಯೆಂದು ನನ್ನ ನೆರಳಿಗೂ ಸರಿಯುತ್ತಿದ್ದ ಅತ್ತೆಯ ಕೈ ಆ ಪರಸ್ಥಳದ ಹೆಂಗಸಿನ ಕೈಯಲ್ಲಿತ್ತು. ಅತ್ತೆ ಅಳುತ್ತಿದ್ದರು. ಆಕೆ ರೂತಮ್ಮ, ಹಾಸನದಲ್ಲಿ ನರ್ಸು. ಡಾಕ್ಟರೊಬ್ಬರ ಮನೆಯವರೊಂದಿಗೆ ಬಂದು, ತಾನು ಕ್ರೈಸ್ತಳೆಂದು ಹೊರಗೇ ಉಳಿದಿದ್ದರು. ತಾನು ಒಳಗೆ ಹೋಗುವ ಹಾಗಿಲ್ಲ, ನೀವೇಕೆ ಕೂತಿದ್ದೀರಿ ಎಂದು ಅತ್ತೆಯನ್ನು ಕೇಳಿದರಂತೆ. ವರ್ಷವಿಡೀ ನಾನು ಕೇಳದ ಪ್ರಶ್ನೆ ಅದು.

“ನೀವು ಸೊಸೆನಾ?” ಎಂದರು ರೂತಮ್ಮ. “ಇವರಿಗೆ ಮಂಡಿ ನೋವಿಲ್ಲಮ್ಮ. ಹೊಟ್ಟೆ ಮುಟ್ಟಿ ನೋಡಿದೀರಾ ಯಾವತ್ತಾದ್ರೂ?”

ನನ್ನ ಕೈ ಹಿಡಿದು ಸೆರಗಿನ ಮೇಲೆ ಒತ್ತಿದರು. ಕಿಬ್ಬೊಟ್ಟೆಯಲ್ಲಿ ಬೇಲದ ಹಣ್ಣಿನಂತೆ ದುಂಡಗೆ, ಗಟ್ಟಿಯಾಗಿ ಏನೋ ಇತ್ತು. ಈಗಲೂ ತರಗತಿಯಲ್ಲಿ ಸೀಮೆಸುಣ್ಣ ಹಿಡಿದಾಗ ಒಮ್ಮೊಮ್ಮೆ ಆ ಗಟ್ಟಿತನ ಅಂಗೈಗೆ ಬರುತ್ತದೆ. ತಡಮಾಡದೆ ಬೆಂಗಳೂರಿಗೆ ಕರೆದೊಯ್ಯಿರಿ ಎಂದು ರೂತಮ್ಮ ಅಲ್ಲಿನ ಲೇಡಿ ಡಾಕ್ಟರೊಬ್ಬರಿಗೆ ಚೀಟಿ ಬರೆದುಕೊಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: “ನೀನು ಹೇಳಿದ್ದಕ್ಕೆ ಒಲೆ ಮುಟ್ಟಿದೆ ಕಣೇ. ಅವನ ಮುಂದೆ ಹೇಗೆ ಸುಳ್ಳು ಹೇಳಲಿ?”

ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿ, “ಈಚೆಗೆ, ಒಂದೆರಡು ತಿಂಗಳು” ಎಂದರು. ನನ್ನನ್ನು ಉಳಿಸಲು ಆ ಸುಳ್ಳು. ನಾನು, “ಹದಿನೈದು ತಿಂಗಳು. ಸಹಜ ಅಂತ ಹೇಳಿದವಳು ನಾನು” ಎಂದೆ. ಡಾಕ್ಟರು ಬೈಯಲಿಲ್ಲ, ಬರೆದುಕೊಂಡರು. ಬೈದಿದ್ದರೆ ಹಗುರವಾಗುತ್ತಿತ್ತು.

ಆಪರೇಷನ್ನಿನ ಹೊತ್ತು ನಾನೂ ಯಜಮಾನರೂ ಹೊರಗೆ ಬೆಂಚಿನ ಮೇಲಿದ್ದೆವು. ಅವರು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ನನಗೆ ಒಂದು ನಾಮವೂ ಬಾಯಿಗೆ ಬರಲಿಲ್ಲ. ‘ನಾನು ಓದಿರಲಿಲ್ಲ, ನಾನು ಓದಿರಲಿಲ್ಲ’ ಎಂಬುದೊಂದೇ ಮನಸ್ಸಿನಲ್ಲಿ ಸುತ್ತುತ್ತಿತ್ತು. ಅದನ್ನೇ ಕೇಶವ ಪ್ರಾರ್ಥನೆ ಎಂದು ತೆಗೆದುಕೊಂಡನೆಂದು ನಂಬಿದ್ದೇನೆ.

ಗೆಡ್ಡೆ ಒಡೆಯದೆ ಇಡಿಯಾಗಿ ಹೊರಬಂತು. ಒಂದೆರಡು ವಾರದ ಮೇಲೆ ವರದಿ ಬಂದಾಗ ಡಾಕ್ಟರು ಕೂರಿಸಿ ವಿವರಿಸಿದರು. ಅದು ಅಂಡಾಶಯದ ಕ್ಯಾನ್ಸರ್, ಅಪರೂಪದ ಬಗೆ. ಆ ಗೆಡ್ಡೆ ಹೆಣ್ಣಿನ ದೇಹದ ರಸವನ್ನು ತಾನೇ ಸುರಿಸುತ್ತದಂತೆ. ಅದರಿಂದಲೇ ನಿಂತ ಮುಟ್ಟು ಮರಳಿದ್ದು. ಬೇರೆ ಬಗೆಯದಾಗಿದ್ದರೆ ಕೈಮೀರುವ ತನಕ ಸುಳಿವು ಸಿಗುವುದು ಕಷ್ಟ, ಇವರಿಗೆ ರಕ್ತವೇ ಮೊದಲು ಹೇಳಿತು ಎಂದರು. ಹಾಗೆ ಹೇಳಿದ ರಕ್ತದ ಬಾಯಿ ಮುಚ್ಚಿಸಿದ ನಾನು ತಲೆ ತಗ್ಗಿಸಿ ಕೂತಿದ್ದೆ. ಈ ಬಗೆಯದು ನಿಧಾನ, ಆದರೆ ಎಷ್ಟೋ ವರ್ಷಗಳ ಮೇಲೂ ಮರಳಬಹುದು, ಆರು ತಿಂಗಳಿಗೊಮ್ಮೆ ಬರಬೇಕು ಎಂದೂ ಹೇಳಿದರು.

ಅಂದಿನಿಂದ ಎರಡು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಸೈನಿಕರಿಂದ ತುಂಬಿದ ರೈಲಿನಲ್ಲಿ ನಾವಿಬ್ಬರೂ ಹೋಗಿ ಬರುತ್ತೇವೆ. ಪ್ರತಿ ಸಲವೂ ಡಾಕ್ಟರ ಕೈ ಹೊಟ್ಟೆಯ ಮೇಲೆ ಒಂದು ಕ್ಷಣ ಹೆಚ್ಚು ನಿಂತರೆ ನಾನು ಅವರ ಮುಖ ನೋಡುತ್ತೇನೆ. ಈವರೆಗೆ ಏನೂ ಇಲ್ಲ. ಮತ್ತೆ ರಕ್ತ ಕಂಡಿತೇ ಎಂದು ನಾನು ತಿಂಗಳು ತಿಂಗಳೂ ಬಾಯಿ ಬಿಟ್ಟು ಕೇಳುತ್ತೇನೆ. “ಏನೂ ಇಲ್ಲ ಕಣೇ, ಸ್ಕೂಲಿಗೆ ಹೊತ್ತಾಯ್ತು, ಹೋಗು” ಎಂದು ನಗುತ್ತಾರೆ. ಸಂಜೆಯ ದೀಪ ಮತ್ತೆ ಅವರದೇ.

ಹೋದ ಕಾರ್ತಿಕದಲ್ಲಿ ಮತ್ತೆ ಬೇಲೂರಿಗೆ ಹೋದೆವು. ಅತ್ತೆ ಸೆರಗು ಹೊದ್ದು ಒಬ್ಬರೇ ಹೊಸ್ತಿಲು ದಾಟಿದರು. ನಾನು ಆ ಕಲ್ಲಿನ ಮೇಲೆ ಕೂತೆ. ಅಂದು ನಾನು ಒಳಗೆ ನಿಂತು ಮಂಡಿಗಾಗಿ ಬೇಡುತ್ತಿದ್ದಾಗ, ಕೇಶವ ಹೊರಗೆ ಇಲ್ಲಿ ಅವರ ಪಕ್ಕದಲ್ಲಿದ್ದ. ನಾನು ಬೇಡದ್ದನ್ನು ಕೊಟ್ಟ. ಬೇಡಲು ಯೋಗ್ಯತೆ ಇಲ್ಲದವಳಿಗೆ ಕೊಟ್ಟ. ಅತ್ತೆ ತೀರ್ಥವನ್ನು ಅಂಗೈಯಲ್ಲಿ ಚೆಲ್ಲದಂತೆ ಹಿಡಿದು ಮೆಲ್ಲನೆ ನಡೆದು ಬಂದು, “ಕೈ ಒಡ್ಡು” ಎಂದರು. ಒಡ್ಡಿದೆ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಬಾಗಿಲ ಹೊರಗೆ ಉಳಿದರೆ, ಅಕ್ಕತಂಗಿಯರೇ, ಒಮ್ಮೆ ಪಕ್ಕದಲ್ಲಿ ಕೂತು ಏಕೆಂದು ಕೇಳಿ. ಅವನು ಅಲ್ಲಿಯೂ ಇದ್ದಾನೆ.