ಅಕ್ಕಿ ಮೂಸುವ ಅಭ್ಯಾಸ

ಅಕ್ಕಿಯನ್ನು ತೊಳೆಯುವ ಮೊದಲು ಒಂದು ಮುಷ್ಟಿ ತೆಗೆದು ಮೂಸಿ ನೋಡುವ ಅಭ್ಯಾಸ ನನಗೆ ಎರಡು ವರ್ಷಗಳಿಂದ ಅಂಟಿಕೊಂಡಿದೆ. ನೀವು ಬೆಳಿಗ್ಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ, ಅರುವತ್ತು ದಾಟಿದ ಒಬ್ಬ ಮನುಷ್ಯ ಅಂಗೈ ತುಂಬ ಕುಚ್ಚಲಕ್ಕಿ ಹಿಡಿದು, ಕಣ್ಣು ಮುಚ್ಚಿ, ಮೂಗಿನ ಬಳಿ ತಂದು ನಿಂತಿರುವುದನ್ನು ಕಂಡು ಇವನಿಗೆ ಏನೋ ವ್ರತವಿರಬೇಕು ಎಂದುಕೊಂಡೀರಿ. ವ್ರತ ಮಾಡುವಷ್ಟು ನಂಬಿಕೆ ನನ್ನಲ್ಲಿ ಯಾವತ್ತೂ ಇರಲಿಲ್ಲ. ಇದು ಶುದ್ಧ ಸಂಶಯ.

ಸಂಶಯ ನನಗೆ ಹುಟ್ಟಿನಿಂದ ಬಂದದ್ದೋ ಉದ್ಯೋಗದಿಂದ ಬಂದದ್ದೋ ಹೇಳಲಾರೆ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸುಗಳಲ್ಲಿ ಟಿಕೇಟು ತಪಾಸಣೆ ಮಾಡುತ್ತ ಇಪ್ಪತ್ತೆಂಟು ವರ್ಷ ಕಳೆದವನು ನಾನು. ಯಾವುದೋ ತಿರುವಿನಲ್ಲಿ ಕೈ ಅಡ್ಡ ಹಿಡಿದು ಬಸ್ಸು ಹತ್ತಿ, ಸೀಟಿನಿಂದ ಸೀಟಿಗೆ ಸಾಗುವವನಿಗೆ ಮನುಷ್ಯರಿಗಿಂತ ಅವರ ಕಿಸೆಗಳು ಮೊದಲು ಕಾಣುತ್ತವೆ. ಕಿಟಕಿಯಿಂದ ಹೊರಗೆ ನೋಡುವವನ ಮೇಲೆ ಒಂದು ಬಗೆಯ ಸಂಶಯ, ನನ್ನನ್ನೇ ನೋಡಿ ನಗುವವನ ಮೇಲೆ ಇನ್ನೊಂದು ಬಗೆಯದು. ನಿದ್ರಿಸುವವನಂತೂ ನನ್ನ ದೃಷ್ಟಿಯಲ್ಲಿ ಅರ್ಧ ಅಪರಾಧಿ. ನಿವೃತ್ತಿಯಾದ ಮೇಲೆ ಬಸ್ಸು ನನ್ನನ್ನು ಬಿಟ್ಟಿತು, ತಪಾಸಣೆ ಬಿಡಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಔಷಧಿಯ ಪೆಟ್ಟಿಗೆಯ ಮೇಲಿನ ತಾರೀಖನ್ನು ಅಂಗಡಿಯವನೆದುರೇ ಗಟ್ಟಿಯಾಗಿ ಓದುತ್ತೇನೆ.

ಇಂಥವನ ಹೆಂಡತಿ ವಾರಿಜ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ರೆಸಿನ್ ಎಂಬ ದ್ರವದ ಸಹವಾಸಕ್ಕೆ ಬಿದ್ದಳು. ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರ ಫ್ಯಾನ್ಸಿ ಅಂಗಡಿಯೊಂದರ ಮಾಳಿಗೆಯಲ್ಲಿ ಒಂದು ದಿನದ ತರಬೇತಿ ಇತ್ತು. ಹೋಗಿ ಬಂದವಳ ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್. ಎರಡನ್ನೂ ಅಳತೆಯಂತೆ ಬೆರೆಸಿ, ಮೆಲ್ಲಗೆ ಕಲಕಿ, ಅಚ್ಚಿಗೆ ಹೊಯ್ದರೆ ಮರುದಿನಕ್ಕೆ ಗಾಜಿನಂತೆ ಗಟ್ಟಿಯಾಗುತ್ತದೆ.

“ಹಲಸಿನೆಲೆಯ ಕೊಟ್ಟೆಗೆ ಇಡ್ಲಿ ಹಿಟ್ಟು ಹೊಯ್ದ ಹಾಗೆಯೇ ಮಾರಾಯ್ರೆ, ಬೇಯಿಸ್ಲಿಕ್ಕಿಲ್ಲ ಅಷ್ಟೆ” ಎಂದಳು.

“ಬೇಯಿಸದೆ ಗಟ್ಟಿ ಆಗುವುದು ಯಾವುದನ್ನೂ ನಂಬಬಾರದು” ಎಂದೆ ನಾನು.

“ನಿಮ್ಮನ್ನು ಯಾರು ಬೇಯಿಸಿದ್ದು ಮತ್ತೆ?”

ಅಚ್ಚುಗಳನ್ನು ಅವಳು ಕೊಂಡು ತರುತ್ತಿರಲಿಲ್ಲ. ಜೇಡಿಮಣ್ಣಿನಲ್ಲಿ ತಾನೇ ಆಕಾರ ತಿದ್ದಿ, ಅದರ ಮೇಲೆ ರಬ್ಬರಿನಂಥ ಸಿಲಿಕೋನ್ ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಮಣ್ಣನ್ನು ಬಿಡಿಸಿ ತೆಗೆಯುತ್ತಿದ್ದಳು. ಸಾವಿರ ಕಂಬದ ಬಸದಿಯ ಕಂಬವೊಂದನ್ನು ಬೆರಳುದ್ದಕ್ಕೆ ಇಳಿಸಿ ಕೀಲಿಗೊಂಚಲು ಮಾಡಿದಾಗ ಅಲ್ಲಿಯ ಕಾಲೇಜು ಹಾಸ್ಟೆಲಿನ ಹುಡುಗಿಯರು ಮುಗಿಬಿದ್ದು ಒಯ್ದರು. ಮುಂಡೇವಿನ ಎಲೆ ಸುತ್ತಿ ಇಡ್ಲಿ ಬೇಯಿಸುವ ಮೂಡೆಯ ಆಕಾರದಲ್ಲೂ ಒಂದು ಅಚ್ಚು ಮಾಡಿದ್ದಳು. ಎಲೆಯ ಗೆರೆಗಳು ಕೂಡ ಅದರಲ್ಲಿ ಮೂಡುತ್ತಿದ್ದವು. ಆಮೇಲೆ ಜನ ಹೂಗಳನ್ನು ತಂದುಕೊಡತೊಡಗಿದರು. ಮದುವೆಯ ಹಾರದ್ದು, ತೊಟ್ಟಿಲ ದಿನದ್ದು. ಹಾಳಾಗದೆ ಇರಬೇಕು ಎಂದು ಎಲ್ಲರಿಗೂ ಆಸೆ. ಹಾಳಾಗದೆ ಇರುವ ಹೂವಿನ ಮೇಲೆ ನನಗೆ ಭರವಸೆ ಹುಟ್ಟಲಿಲ್ಲ. ಆ ದ್ರವದ ವಾಸನೆ ಹಿಡಿಸದೆ, ಈ ಸಾಮಾನು ಯಾವುದೂ ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದು ಆಜ್ಞೆ ಮಾಡಿದೆ. ಅವಳು ಚಾವಡಿಯ ಮೂಲೆಯಲ್ಲಿ, ಕಿಟಕಿ ತೆರೆದಿಟ್ಟು, ಕೈಗವಸು ತೊಟ್ಟು ಕೆಲಸ ಮಾಡಿದಳು.

ಅಕ್ಕಿಯಲ್ಲಿ ಮಲ್ಲಿಗೆಯ ವಾಸನೆ ಬರತೊಡಗಿದ್ದು ಆ ಕಾಲದಲ್ಲಿ. ಗಂಜಿ ಉಣ್ಣುವಾಗ ಎಲ್ಲಿಂದಲೋ ಒಂದು ಎಳೆ ಪರಿಮಳ ಬಂದು ಹೋಗುತ್ತಿತ್ತು. ನೀವಾದರೆ ಸಂತೋಷಪಡುತ್ತಿದ್ದಿರೋ ಏನೋ. ನಾನು ನೇರವಾಗಿ ಪಾಣೆಮಂಗಳೂರಿನ ಪೇಟೆಗೆ, ಹದಿನೈದು ವರ್ಷದಿಂದ ನಮಗೆ ಅಕ್ಕಿ ಕೊಡುವ ಹಮೀದ್ ಬ್ಯಾರಿಗಳ ಅಂಗಡಿಗೆ ಹೋದೆ. ವಾರಿಜಳೂ ಜೊತೆಗಿದ್ದಳು.

“ಈ ಅಕ್ಕಿಗೆ ಎಂತ ಹಾಕಿದ್ದೀರಿ?”

“ಎಂತ ಹಾಕುದು ಮಾರಾಯ್ರೆ? ಅಕ್ಕಿಗೆ ಅಕ್ಕಿಯೇ ಹಾಕುದು.”

“ಮಲ್ಲಿಗೆ ವಾಸನೆ ಬರ್ತದೆ.”

“ಅತ್ತರ್ ಹಾಕಿ ಅಕ್ಕಿ ಮಾರುವ ಜನ ಆಗಿದ್ರೆ ನಾನು ದುಬೈಯಲ್ಲಿ ಇರ್ತಿದ್ದೆ. ಇಲ್ಲಿ ಗೋಣಿ ಹೊರ್ತಾ ಇರ್ತಿರ್ಲಿಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಹೇಳಬಾರದ ಒಂದೆರಡು ಮಾತು ಹೇಳಿ ಹೊರಬಂದೆ. ವಾರಿಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಮಾನದಿಂದ ಎಂದು ಭಾವಿಸಿದೆ. ಅಂದಿನಿಂದ ಅಕ್ಕಿಯನ್ನು ಬಿ.ಸಿ. ರೋಡಿನ ಬೇರೆ ಅಂಗಡಿಯಿಂದ ತಂದೆ. ಅದರಲ್ಲಿಯೂ ಮಲ್ಲಿಗೆ ಬಂತು. ಬುದ್ಧಿಯಿರುವವನು ಅಲ್ಲಿಗೆ ನಿಂತು ಯೋಚಿಸುತ್ತಿದ್ದ. ನಾನು, ಎರಡು ಅಂಗಡಿಗೂ ಒಂದೇ ಮಿಲ್ಲಿನಿಂದ ಮಾಲು ಬರುತ್ತಿರಬೇಕು ಎಂದು ತೀರ್ಮಾನಿಸಿದೆ.

ಕಳೆದ ಬೇಸಿಗೆಯಲ್ಲಿ ವಾರಿಜ ತೀರಿಕೊಂಡಳು. ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತ ಕುಳಿತವಳು, ನನ್ನ ಅಂಗಿಯೊಂದನ್ನು ಅರ್ಧ ಮಡಚಿದಲ್ಲಿಗೆ, ಪಕ್ಕಕ್ಕೆ ವಾಲಿದಳು. ಹೃದಯ ಎಂದರು ಡಾಕ್ಟರು. ಆ ಬಾಟಲಿಗಳ ಗಾಳಿಯಿಂದ ಆದದ್ದೇ ಎಂದು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಡಾಕ್ಟರ ಮೇಲೂ ಸಂಶಯ ಬಂತು. ಬಾಟಲಿಗಳ ಮೇಲೆ ದ್ವೇಷವೇ ಬಂತು. ಗಟ್ಟಿ ಮಾಡಿ ಕಪಾಟಿನಲ್ಲಿಟ್ಟಿದ್ದ ಹೂಗಳನ್ನು ಬಿಟ್ಟು ಅವಳ ಉಳಿದ ಸಾಮಾನನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದಡಿಗೆ ನೂಕಿದೆ. ಅಡುಗೆಯನ್ನು ನಾನೇ ಮಾಡಿಕೊಂಡೆ. ಐದೈದು ಕಿಲೋ ತಂದು ಡಬ್ಬಿಯ ಮೇಲಿನಿಂದ ಸುರಿಯುವುದು, ಮೇಲಿನಿಂದಲೇ ತೆಗೆಯುವುದು. ಮಲ್ಲಿಗೆಯ ವಾಸನೆ ಮೆಲ್ಲಮೆಲ್ಲನೆ ನಿಂತುಹೋಯಿತು. ಮಿಲ್ಲಿನವರಿಗೆ ಯಾರೋ ಎಚ್ಚರಿಕೆ ಕೊಟ್ಟಿರಬೇಕು ಎಂದುಕೊಂಡೆ.

ಅವಳು ಹೋಗಿ ಒಂದು ತಿಂಗಳಾಗಿರಬಹುದು, ಬೆಳ್ತಂಗಡಿಯಿಂದ ಒಬ್ಬಳು ಹೆಂಗಸು ಮನೆ ಹುಡುಕಿಕೊಂಡು ಬಂದಳು. ಹರಿಣಾಕ್ಷಿ ಎಂದು ಹೆಸರು, ಹೊಲಿಗೆಯ ಕೆಲಸ. ಚಾವಡಿಯಲ್ಲಿ ಕುಳಿತು ನೀರು ಕುಡಿದು, ವಾರಿಜಳ ಫೋಟೋ ನೋಡಿ ಕಣ್ಣೊರೆಸಿಕೊಂಡು, ಆಮೇಲೆ ಹೇಳಿದಳು:

“ವಾರಿಜಕ್ಕನ ಹತ್ರ ನನ್ನದೊಂದು ಚೆಂಡು ಮಲ್ಲಿಗೆ ಉಂಟು. ಅಮ್ಮ ಕಟ್ಟಿದ್ದು. ಬೆಳಿಗ್ಗೆ ಕಟ್ಟಿ ಇಟ್ಟು ಸ್ವಲ್ಪ ಮಲಗ್ತೇನೆ ಅಂದವರು ಮತ್ತೆ ಏಳ್ಲಿಲ್ಲ. ಗಟ್ಟಿ ಮಾಡಿ ಕೊಡ್ತೇನೆ ಅಂದಿದ್ರು ಅಕ್ಕ.”

ನನಗೆ ಏನಾಯಿತೋ, ಇಪ್ಪತ್ತೆಂಟು ವರ್ಷದ ನಾಲಗೆ ತಾನಾಗಿ ಹೊರಳಿತು.

“ಚೀಟಿ ಉಂಟಾ?”

“ಎಂತ ಚೀಟಿ?”

“ಕೊಟ್ಟದ್ದಕ್ಕೆ.”

“ಹೂವು ಕೊಡುವಾಗ ಯಾರಾದ್ರೂ ಚೀಟಿ ತಗೊಳ್ತಾರಾ ಅಣ್ಣ?”

ಕಪಾಟಿನಲ್ಲಿದ್ದ ಸಿದ್ಧವಾದ ಹೂಗಳ ಕಡೆಗೆ ಅವಳ ಕಣ್ಣು ಹೋದದ್ದನ್ನು ನಾನು ಗಮನಿಸಿದ್ದೆ. ಸತ್ತವಳ ಹೆಸರು ಹೇಳಿ ಒಂದನ್ನು ಎತ್ತಿಕೊಂಡು ಹೋಗುವ ಉಪಾಯ ಎಂದು ನನ್ನೊಳಗಿನ ತಪಾಸಣೆಯವನು ಬರೆದುಕೊಂಡ. ಅಂಥ ಹೂವು ಈ ಮನೆಯಲ್ಲಿಲ್ಲ ಎಂದೆ. ಅವಳು ಎದ್ದಳು. ಮೆಟ್ಟಿಲಿಳಿದವಳು ತಿರುಗಿ, “ಸಿಕ್ಕಿದ್ರೆ ಎಸೆಯಬೇಡಿ. ಅಷ್ಟು ಮಾಡಿ” ಎಂದು ಹೋದಳು. ಮತ್ತೆ ಎರಡು ಸಲ ಫೋನು ಬಂದದ್ದು ಅವಳದ್ದೇ ಇರಬೇಕು. ಗುರುತಿಲ್ಲದ ನಂಬರನ್ನು ನಾನು ಎತ್ತುವವನಲ್ಲ.

ಮಳೆಗಾಲ ಕಳೆದು ಅಕ್ಕಿಯಲ್ಲಿ ಹುಳ ಕಾಣಿಸಿತು. ಡಬ್ಬಿಯನ್ನು ಅಂಗಳಕ್ಕೆ ಹೊತ್ತು ಚಾಪೆಯ ಮೇಲೆ ಕವಚಿದೆ. ಅಕ್ಕಿ ಬಿತ್ತು, ಬಿತ್ತು, ಕೊನೆಗೆ ದಡ್ಡೆಂದು ಒಂದು ಪ್ಲಾಸ್ಟಿಕ್ ಡಬ್ಬಿ ಬಿತ್ತು. ಮುಚ್ಚಳದಲ್ಲಿ ಮೊಳೆಯಿಂದ ಕೊರೆದ ಸಣ್ಣ ತೂತುಗಳು. ಒಳಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ತೇವ ಹೀರುವ ಸಣ್ಣ ಪೊಟ್ಟಣಗಳು, ಅಂಥವು ಎಂಟು ಹತ್ತು. ಅವುಗಳ ನಡುವೆ, ತೆಳು ಕಾಗದದಲ್ಲಿ, ಬಾಳೆನಾರಿನಿಂದ ಕಟ್ಟಿ ಉಂಡೆಯಾಗಿ ಸುತ್ತಿದ ಒಂದು ಚೆಂಡು ಮಲ್ಲಿಗೆ. ಬಣ್ಣ ಗಂಜಿಯ ತಿಳಿಯಂತಾಗಿತ್ತು. ಒಂದು ಎಸಳೂ ಉದುರಿರಲಿಲ್ಲ. ಅಂಗಳವಿಡೀ ಆ ವಾಸನೆ.

ಹಸಿ ಹೂವನ್ನು ರೆಸಿನ್‌ಗೆ ಹಾಕಿದರೆ ಒಳಗೇ ಕೊಳೆಯುತ್ತದೆ, ಪೂರ್ತಿ ಒಣಗಿರಬೇಕು. ನಮ್ಮ ಊರಿನ ಗಾಳಿಯಲ್ಲಿ ಒಣಗಿಸುವುದೆಂದರೆ ಅಕ್ಕಿಯೇ ಗತಿ ಎಂದು ಅವಳು ಕಂಡುಕೊಂಡಿದ್ದಳು. ಅಡುಗೆಮನೆಯ ಹೊಸ್ತಿಲಿನ ಬಗ್ಗೆ ನನ್ನ ಆಜ್ಞೆ ಇದ್ದುದರಿಂದ ಹೇಳಿರಲಿಲ್ಲ.

ಕಾಗದದಲ್ಲಿ ಒಂದು ಚೀಟಿಯೂ ಇತ್ತು. ಅವಳ ದುಂಡನೆಯ ಅಕ್ಷರ: “ಹರಿಣಾಕ್ಷಿ, ಬೆಳ್ತಂಗಡಿ. ಅವಳ ಅಮ್ಮ ಕಟ್ಟಿದ್ದು. ಬಿಚ್ಚಬಾರದು. ಮೂಡೆಯ ಅಚ್ಚಿಗೆ.” ಕೆಳಗೆ ಫೋನ್ ನಂಬರು. ನಾನು ಕೇಳಿದ ಚೀಟಿ ನನ್ನ ಮನೆಯ ಅಕ್ಕಿಯ ಅಡಿಯಲ್ಲೇ ಇತ್ತು. ಹುಳ ಹೋದವೋ ಇಲ್ಲವೋ ನೋಡಲಿಲ್ಲ. ಬಿಸಿಲು ಇಳಿಯುವವರೆಗೂ ಚಾಪೆಯ ಬದಿಯಲ್ಲಿ ಕುಳಿತಿದ್ದೆ.

ಹೂವನ್ನು ಹಾಗೆಯೇ ಕೊಟ್ಟುಬಿಡಬಹುದಿತ್ತು. ಆದರೆ ವಾರಿಜ ಕೊಡುತ್ತೇನೆ ಎಂದದ್ದು ಅದನ್ನಲ್ಲ. ಮಂಚದಡಿಯ ಪೆಟ್ಟಿಗೆ ಎಳೆದೆ. ಹೂವಿಲ್ಲದೆ ಬರಿದೇ ಒಂದು ಪರೀಕ್ಷೆ ಮಾಡಿದೆ. ಎರಡು ಪಾಲಿಗೆ ಒಂದು ಪಾಲು ಎಂದು ಬಾಟಲಿಯ ಮೇಲೆ ಬರೆದಿತ್ತು. ಹಾರ್ಡ್ನರ್ ಹೆಚ್ಚು ಖರ್ಚಾಗಲಿ ಎಂದು ಕಂಪೆನಿಯವರು ಬರೆದದ್ದಿರಬೇಕೆಂದು ನಾನು ಸ್ವಲ್ಪ ಕಡಿಮೆ ಹಾಕಿದೆ. ನಾಲ್ಕು ದಿನವಾದರೂ ಅದು ಹಲಸಿನ ಮೇಣದಂತೆ ಕೈಗಂಟುತ್ತಿತ್ತು. ಎರಡನೆಯ ಸಲ ಕಣ್ಣಂದಾಜಿನಲ್ಲಿ ಹಾಕಿ, ಜೋರಾಗಿ ಕಲಕಿದೆ. ಒಳಗೆಲ್ಲ ಸೋಡಾದಂತೆ ಗುಳ್ಳೆ. ಆಮೇಲೆ ಪೆಟ್ಟಿಗೆಯ ತಳದಲ್ಲಿ ಅವಳ ಪ್ಲಾಸ್ಟಿಕ್ ಲೋಟ ಕಂಡಿತು. ಅದರ ಹೊರಮೈಗೆ ಉಗುರುಬಣ್ಣದಲ್ಲಿ ಎರಡು ಗೆರೆ ಎಳೆದಿದ್ದಳು. ಇಲ್ಲಿಯವರೆಗೆ ಇದು, ಇಲ್ಲಿಯವರೆಗೆ ಅದು. ಗೆರೆ ಸರಿಯೇ ಎಂದು ಅಳೆದು ನೋಡಲು ಸ್ಕೇಲು ತೆಗೆದವನು, ಮತ್ತೆ ಒಳಗಿಟ್ಟೆ. ಆ ಗೆರೆಗಳವರೆಗೆ ಹೊಯ್ದು, ಮೆಲ್ಲಗೆ ಕಲಕಿ, ಅರ್ಧ ಅಚ್ಚು ತುಂಬಿ, ಅದು ಹಿಡಿದುಕೊಂಡ ಮೇಲೆ ಚೆಂಡನ್ನು ಇಟ್ಟು, ಉಳಿದರ್ಧ ಸುರಿದೆ.

ಮೂರನೆಯ ದಿನ ಅಚ್ಚನ್ನು ಸುಲಿದಾಗ ಮೂಡೆ ಸ್ವಚ್ಛವಾಗಿ ಹೊರಗೆ ಬಂತು. ಬೆಳಕಿಗೆ ಹಿಡಿದೆ, ಅಭ್ಯಾಸಬಲ. ಹೂವಿನ ನಡುವೆ ಒಂದು ಕೆಂಪು ಕುಚ್ಚಲಕ್ಕಿಯ ಕಾಳು ಸಿಕ್ಕಿಕೊಂಡು ಗಟ್ಟಿಯಾಗಿತ್ತು. ಮುಚ್ಚಳದ ತೂತಿನಿಂದ ಯಾವಾಗಲೋ ಒಳಗೆ ಹೋದದ್ದು. ಇನ್ನು ಅದನ್ನು ತೆಗೆಯುವಂತಿರಲಿಲ್ಲ.

ಚೀಟಿಯ ನಂಬರಿಗೆ ಫೋನು ಮಾಡಿ ವಿಳಾಸ ಕೇಳಿಕೊಂಡು, ಬೆಳ್ತಂಗಡಿಯ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟು ಕುಳಿತೆ. ಹರಿಣಾಕ್ಷಿ ಹೊಲಿಗೆಯ ಯಂತ್ರ ನಿಲ್ಲಿಸಿ ಎದ್ದು ಬಂದಳು. ನಾನು ಮೂಡೆಯನ್ನು ಮುಂದಿಟ್ಟೆ. ಅವಳು ತಕ್ಷಣ ಮುಟ್ಟಲಿಲ್ಲ. ನನ್ನ ಮುಖವನ್ನು, ನಾನು ಪ್ರಯಾಣಿಕರನ್ನು ನೋಡುತ್ತಿದ್ದ ಹಾಗೆಯೇ ನೋಡಿದಳು.

“ಇದು ಅಮ್ಮನದ್ದೇ ಅಂತ ಹೇಗೆ? ಪೇಟೆಯಲ್ಲಿ ಬೇಕಾದಷ್ಟು ಮಲ್ಲಿಗೆ ಸಿಗ್ತದೆ.” ಆಮೇಲೆ, ಸ್ವಲ್ಪವೂ ನಗದೆ, “ಚೀಟಿ ಉಂಟಾ?”

ಕಿಸೆಗೆ ಕೈ ಹಾಕಿ ಕೊಟ್ಟೆ. ಕೊಡುವ ಮೊದಲು ಮೂರು ಕಿಸೆ ತಡಕಿದ್ದೆ, ಟಿಕೇಟು ಕಳೆದುಕೊಂಡವರು ಹೀಗೆ ತಡಕುವುದನ್ನು ಎಷ್ಟು ಸಲ ಕಂಡಿದ್ದೆನೋ. ಅವಳು ಓದಿದಳು. ಎರಡನೆಯ ಸಲ ಓದಿದಳು. ಆಮೇಲೆ ಮೂಡೆಯನ್ನು ಬಾಗಿಲ ಬೆಳಕಿಗೆ ಒಯ್ದು ತಿರುಗಿಸುತ್ತ, ಬಾಳೆನಾರಿನ ಗಂಟುಗಳನ್ನು ಬೆರಳ ತುದಿಯಿಂದ ಹೊರಗಿನಿಂದಲೇ ಎಣಿಸಿದಳು.

“ಅಮ್ಮ ಎಡಗೈಯಲ್ಲಿ ಕಟ್ತಿದ್ರು. ಗಂಟು ಎಲ್ಲ ಆಚೆಗೆ ಬೀಳ್ತದೆ. ನೋಡಿ” ಎಂದಳು. ಮತ್ತೆ, “ಇದೆಂತ ಅಣ್ಣ, ಅಕ್ಕಿ?”

ಹೇಳಿದೆ. ಡಬ್ಬಿಯಿಂದ ಹಿಡಿದು ಹಮೀದ್ ಬ್ಯಾರಿಗಳ ಜಗಳದವರೆಗೆ ಎಲ್ಲ ಹೇಳಿದೆ. ಅವಳು ಅಳುತ್ತಲೇ ನಕ್ಕಳು. ಚೀಟಿಯನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟು, “ಇದು ನಿಮ್ಮದು” ಎಂದಳು. ಬಿಸಿಲಿಗೆ ಇಡಬೇಡಿ, ಕೆಲವು ವರ್ಷಕ್ಕೆ ಹಳದಿಯಾಗುತ್ತದಂತೆ, ಕಂಪೆನಿಯವರು ಇದನ್ನು ಹೇಳುವುದಿಲ್ಲ ಎಂದು ಎಚ್ಚರಿಸಿ ಹೊರಟೆ.

ಮರಳುವಾಗ ಪಾಣೆಮಂಗಳೂರಿಗೂ ಹೋದೆ.

“ಯಾರಿದು! ಅತ್ತರ್ ಅಕ್ಕಿಯವರು!” ಎಂದರು ಹಮೀದ್ ಬ್ಯಾರಿಗಳು.

“ತಪ್ಪು ನನ್ನದು. ವಾಸನೆ ನಿಮ್ಮ ಅಕ್ಕಿಯದ್ದಲ್ಲ.”

“ಗೊತ್ತುಂಟು. ನೀವು ಜಗಳ ಮಾಡಿದ ಮರುದಿವಸವೇ ವಾರಿಜಕ್ಕ ಬಂದು ಹೇಳಿದ್ರು. ಹೇಳ್ತಾ ಹೇಳ್ತಾ ನಗು ತಡೀಲಿಕ್ಕಾಗದೆ ಅಗೋ, ಆ ಗೋಣಿ ಮೇಲೆ ಕೂತುಬಿಟ್ರು.”

“ನನಗೆ ಯಾಕೆ ಹೇಳ್ಲಿಲ್ಲ ಇಷ್ಟು ದಿವಸ?”

“ಹೇಳಬೇಡಿ ಅಂದ್ರಲ್ಲ ಅವರು. ಮತ್ತೆ ಹೇಳುದಾ?”

ಆ ಗೋಣಿಯನ್ನು ನೋಡಿದೆ. ಕೂರಬೇಕಾಗುವಷ್ಟು ನಗು ಅವಳಲ್ಲಿತ್ತೇ ಎಂದು ಒಂದು ಕ್ಷಣ ಅಲ್ಲಿಯೂ ಸಂಶಯ ತಲೆಯೆತ್ತಿತು. ನನ್ನೆದುರು ಅವಳು ಸೆರಗಿನೊಳಗೇ ಮುಗಿಸುತ್ತಿದ್ದಳು. ಬ್ಯಾರಿಗಳು ಒಂದು ಮುಷ್ಟಿ ಅಕ್ಕಿ ತೆಗೆದು ನನ್ನ ಮೂಗಿನ ಬಳಿ ಹಿಡಿದರು. “ಮೂಸಿ ತಗೊಳ್ಳಿ. ಆಮೇಲೆ ವಾಸನೆ ಅಂತ ಬರಬೇಡಿ.”

ಮೂಸಿದೆ. ಅಕ್ಕಿಯಲ್ಲಿ ಯಾವ ದೋಷವೂ ಇರಲಿಲ್ಲ.

ಹಳೆಯ ಅಕ್ಕಿಯನ್ನು ಬಿಸಿಲಿಗೆ ಹಾಕಿ, ಕೇರಿ, ಹೊಸತರ ಜೊತೆ ಬೆರೆಸಿ ಡಬ್ಬಿಗೆ ತುಂಬಿದ್ದೇನೆ. ದಿನಾ ಬೆಳಿಗ್ಗೆ ಒಂದು ಮುಷ್ಟಿ ತೆಗೆದು ಮೂಸುತ್ತೇನೆ. ಹೆಚ್ಚಿನ ದಿನ ಬರಿಯ ಅಕ್ಕಿ. ಅಪರೂಪಕ್ಕೆ ಒಂದು ದಿನ ಏನೋ ಬಂದಂತಾಗುತ್ತದೆ. ಮೂಗು ಸುಳ್ಳು ಹೇಳುತ್ತಿದೆಯೋ ಏನೋ ಎಂದು, ಖಚಿತಪಡಿಸಿಕೊಳ್ಳಲು ಇನ್ನೊಂದು ಮುಷ್ಟಿ ತೆಗೆಯುತ್ತೇನೆ. ತೆಗೆದ ಅಕ್ಕಿಯನ್ನು ಮತ್ತೆ ಡಬ್ಬಿಗೆ ಹಾಕಲು ವಾರಿಜ ಬಿಡುತ್ತಿರಲಿಲ್ಲ. ಎರಡನ್ನೂ ಪಾತ್ರೆಗೆ ಹಾಕಿ ತೊಳೆಯುತ್ತೇನೆ.